ಎಸ್ ಮೋಡೂ ಅಣ್ಣನ ನೋಟ್‌ಬುಕ್ಕೂ

ನಮ್ಮನೆಗೆ ಒಂದು ಹಳೇ ಟ್ಯಾಬ್ಲೆಟ್ ಬಂದು ಸೇರಿಕೊಂಡಿದೆ. ಮಗಳು 2019ರಲ್ಲಿ ಕಾಲೇಜಿಗೆಂದು ತಗೊಂಡಿದ್ದ ವಿಂಡೋಸ್ ಟ್ಯಾಬ್ಲೆಟ್. 4 ಜಿಬಿ ರ‍್ಯಾಮು, 64 ಜಿಬಿ ಸ್ಟೋರೇಜು. ಕೆಲಸಕ್ಕೆ ಸೇರಿದ ಮೇಲೆ ಅವಳು ಆಪಲ್ ಕೊಂಡಳು, ಇದು ನನ್ನ ಪಾಲಿಗೆ ಬಂತು. ಬಟನ್ ಒತ್ತಿ, ಅಡುಗೆಮನೆಗೆ ಹೋಗಿ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹುಯ್ದು ಬಂದರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು.

ರಿಚಿ ಸ್ಟ್ರೀಟಿಗೆ ತಗೊಂಡು ಹೋದೆ. ಚೆನ್ನೈನಲ್ಲಿರೋರಿಗೆ ಗೊತ್ತಲ್ಲ, ಮೌಂಟ್ ರೋಡಿನ ಮಗ್ಗುಲಲ್ಲಿ, ಕಂಪ್ಯೂಟರಿನ ಸಕಲ ರೋಗಕ್ಕೂ ಮದ್ದು ಸಿಗುವ ಜಾಗ. ಅಂಗಡಿ ಹುಡುಗ ಸೆಟ್ಟಿಂಗ್ಸ್ ತೆಗೆದು ನೋಡಿ, “ಎಸ್ ಮೋಡ್ ಇರುಕ್ಕಟ್ಟುಂ ಸಾರ್, ಅದು ಇರುಂದಾತ್ತಾನ್ ಫಾಸ್ಟಾ ಓಡುಂ” ಅಂದ. ಇದ್ದದ್ದೇ ಈ ವೇಗ ಅಂದ್ರೆ, ತೆಗೆದರೆ ಗತಿ ಏನಪ್ಪಾ ಅನ್ನಿಸಿತು!

ಗೊತ್ತಿಲ್ಲದವರಿಗೆ ಎರಡು ಮಾತು. ಮೈಕ್ರೋಸಾಫ್ಟ್ 2017ರಲ್ಲಿ ‘ವಿಂಡೋಸ್ 10 ಎಸ್’ ಅಂತ ತಂದಿತು. ಮುಂದಿನ ವರ್ಷ ಅದನ್ನೇ ಮಾಮೂಲಿ ವಿಂಡೋಸಿನ ಒಂದು ಮೋಡ್ ಮಾಡಿತು. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ತಂತ್ರಾಂಶ ಮಾತ್ರ ಹಾಕಬಹುದು. ಹೊರಗಿನಿಂದ ತಂದ ಸೆಟಪ್ ಫೈಲ್ ಒತ್ತಿದರೆ, ಭದ್ರತೆ ಮತ್ತು ವೇಗದ ದೃಷ್ಟಿಯಿಂದ ಇದನ್ನು ಬಿಡುವುದಿಲ್ಲ ಅನ್ನೋ ಅರ್ಥದ ಒಂದು ಚೀಟಿ ಬರುತ್ತೆ. ಬೇಡ ಅಂದರೆ ಸ್ಟೋರಿಗೆ ಹೋಗಿ ಪುಕ್ಕಟೆ ಆಚೆ ಬರಬಹುದು. ಆದರೆ ಒಮ್ಮೆ ಆಚೆ ಬಂದವರಿಗೆ ವಾಪಸ್ ಹೋಗುವ ಬಟನ್ ಇಲ್ಲ.

ನನಗೆ ಆಚೆ ಬರಲೇಬೇಕಾದ ಕಾರಣವೊಂದಿತ್ತು. ನಮ್ಮಣ್ಣ (ಅಪ್ಪನನ್ನು ನಾವು ಹಾಗೇ ಕರೆಯೋದು) ರಿಟೈರಾಗಿ ಅರಸೀಕೆರೆಯಿಂದ ನಮ್ಮ ಜೊತೆ ಸೈದಾಪೇಟೆಗೆ ಬಂದ ಮೇಲೆ ಊರಿನ ನೆನಪುಗಳನ್ನು ಎರಡು ನೋಟ್‌ಬುಕ್ಕಿನ ತುಂಬ ಬರೆದಿಟ್ಟಿದ್ದರು. ಅದನ್ನು ನಾನು ಭಾನುವಾರಗಳಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದೆ. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ನಮ್ಮ ಗ್ರೌಂಡ್ ಫ್ಲೋರಿಗೇ ಬಂತು. ನೋಟ್‌ಬುಕ್ ಮುದ್ದೆಯಾಯಿತು. ಅಷ್ಟರಲ್ಲಿ ಅಣ್ಣನೂ ಇರಲಿಲ್ಲ. ಊರಲ್ಲಿರುವ ತಮ್ಮನಿಗೆ ಹಿಂದೆಂದೋ ಮೇಲ್ ಮಾಡಿದ್ದ ಫೈಲ್ ಒಂದೇ ಉಳಿದದ್ದು.

ಈಗ ಅಮ್ಮನಿಗೆ ಅದನ್ನು ದಪ್ಪ ಅಕ್ಷರದಲ್ಲಿ ಓದುವಾಸೆ. ಟ್ಯಾಬ್ಲೆಟ್ಟಿನಲ್ಲಿ ತೆಗೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಚುಕ್ಕಿ, ಗೀಟು, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಆ ಕಾಲದಲ್ಲಿ ಟೈಪ್ ಮಾಡಿದವರಿಗೆಲ್ಲ ಈ ಸಂಕಟ ಗೊತ್ತು. ನಾವು ಬಳಸಿದ್ದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಗಣಕ ಪರಿಷತ್ತಿನವರ ನುಡಿಯಲ್ಲೇ ಪರಿವರ್ತಕ ಇದೆ, ಆದರೆ ಎಸ್ ಮೋಡ್ ಅದರ ಸೆಟಪ್ಪನ್ನು ಬಾಗಿಲಲ್ಲೇ ತಡೆಯಿತು. ನನ್ನ ಡೆಸ್ಕ್‌ಟಾಪ್ ಸತ್ತು ವರ್ಷವಾಗಿದೆ. ಅಂತರಜಾಲದಲ್ಲೇ ಪರಿವರ್ತಿಸಿಕೊಡುವ ಪುಟಗಳಿವೆ, ಗೊತ್ತು. ನಮ್ಮ ಮನೆ ಜಗಳಗಳೆಲ್ಲ ಇರುವ ಬರಹವನ್ನು ಎಲ್ಲಿಯದೋ ಸರ್ವರಿಗೆ ಕೊಡಲು ಮನಸ್ಸಾಗಲಿಲ್ಲ.

“ಸ್ಲೋ ಆದ್ರೆ ನನ್ನನ್ನ ಕೇಳ್ಬೇಡಪ್ಪಾ” ಅಂದಳು ಮಗಳು.

ಸರಿ, ಪರೀಕ್ಷೆ ಮಾಡೇ ಬಿಡೋಣ ಅಂತ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಮೊದಲು ಎಸ್ ಮೋಡಿನಲ್ಲೇ ಮನೆ ಗುಡಿಸಿದೆ. ಸ್ಟೋರೇಜ್ ಹೆಚ್ಚುಕಮ್ಮಿ ಭರ್ತಿಯಾಗಿತ್ತು, ಮಗಳ ಕಾಲೇಜು ವಿಡಿಯೋಗಳನ್ನು ಅಳಿಸಿದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಕರೆಯದೆ ಎದ್ದು ಬರುವವರನ್ನೆಲ್ಲ ಮಲಗಿಸಿದೆ. ಬ್ರೌಸರಿನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಿಡುವ ನನ್ನ ಚಟಕ್ಕೂ ಕಡಿವಾಣ. ಅಷ್ಟಕ್ಕೇ ಟ್ಯಾಬ್ಲೆಟ್ ಎದ್ದು ಕೂತಿತು! ಕಾಫಿಪುಡಿ ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ರೆಡಿ. ಆಮೇಲೆ ಎಸ್ ಮೋಡ್ ತೆಗೆದೆ. ಮೂರು ಮೂರು ಸಲ ಅಳೆದೆ. ಒಮ್ಮೆ ಒಂದು ಸೆಕೆಂಡ್ ಹೆಚ್ಚು, ಒಮ್ಮೆ ಒಂದು ಸೆಕೆಂಡ್ ಕಮ್ಮಿ. ವ್ಯತ್ಯಾಸ ಅಂತ ಹೇಳುವಂಥದ್ದೇನೂ ಇಲ್ಲ.

ಇರಬೇಕಾದ್ದೂ ಇಲ್ಲ ಅನ್ನಿ. ಒಳಗಿರುವುದು ಅದೇ ವಿಂಡೋಸು, ರ‍್ಯಾಮೂ ಅಷ್ಟೇ. ಎಸ್ ಮೋಡ್ ಓಡಿಸುವುದಿಲ್ಲ, ಬೇಲಿ ಹಾಕುತ್ತೆ. ಹಾಗಂತ ಅಂಗಡಿ ಹುಡುಗ ಸುಳ್ಳು ಹೇಳಿದ ಅಂತಲೂ ಅಲ್ಲ. ಬಾಗಿಲು ತೆಗೆದ ಹುರುಪಿನಲ್ಲಿ ನಾನು ನುಡಿಯ ಹಿಂದೆಯೇ ಹಳೇ ಪ್ರಿಂಟರಿನ ತಂತ್ರಾಂಶ, ಅದರ ಜೊತೆ ಬಂದ ಬಾಲಂಗೋಚಿಗಳು, ‘ಸ್ಪೀಡ್ ಹೆಚ್ಚಿಸುವ’ ಯಾವುದೋ ಪುಕ್ಕಟೆ ಸಾಮಾನು ಎಲ್ಲ ತುಂಬಿದೆ. ವಾರದಲ್ಲಿ ಮತ್ತೆ ಫಿಲ್ಟರ್ ಕಾಫಿ ಕಾಲಕ್ಕೇ ಬಂತು. ನುಡಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ತೆಗೆದೆ, ಸರಿಹೋಯ್ತು. ಭದ್ರತೆಯ ಮಾತು ಮಾತ್ರ ಬೇರೆ. ಇದರ ಪ್ರಾಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇಲಿಯನ್ನೂ ಕಿತ್ತ ಮೇಲೆ ಇದರಲ್ಲಿ ಬ್ಯಾಂಕಿನ ಕೆಲಸ ಮಾಡೋದಿಲ್ಲ ಅಂತ ಗೊತ್ತು ಮಾಡಿಕೊಂಡಿದ್ದೇನೆ. ಸ್ಟೋರಿನಲ್ಲೇ ಎಲ್ಲ ಸಿಗುವವರು ಎಸ್ ಮೋಡ್ ತೆಗೆಯುವ ಗೋಜಿಗೆ ಹೋಗದಿರುವುದೇ ವಾಸಿ. ನನಗೆ ಬೇಕಾದ್ದು ಅಲ್ಲಿರಲಿಲ್ಲ, ಅಷ್ಟೇ.

ಪರಿವರ್ತಿಸಿದ ಫೈಲಿನಲ್ಲಿ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಎರಡು ರಾತ್ರಿ ಕೂತು ತಿದ್ದಿದೆ. ಅಮ್ಮ ಈಗ ದಿನಾ ಮಧ್ಯಾಹ್ನ ಟ್ಯಾಬ್ಲೆಟ್ ತೊಡೆ ಮೇಲಿಟ್ಟುಕೊಂಡು, ಬೆರಳಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ನಿನ್ನೆ ಕರೆದರು. “ಇಲ್ನೋಡೋ, ಕೆರೆ ಏರಿ ಮೇಲೆ ಮಾವಿನಮರ ಅಂತ ಇದೆ. ಅಲ್ಲಿದ್ದದ್ದು ಹುಣಸೆ. ನಿಮ್ಮಣ್ಣ ಹಾಗೆ ಬರೆದಿರಕ್ಕಿಲ್ಲ, ನೀನೇ ತಪ್ಪು ಟೈಪ್ ಮಾಡಿರ್ಬೇಕು.”

ನೋಡೋಣ ಅಂದರೆ ನೋಟ್‌ಬುಕ್ ಇಲ್ಲ. ಹುಣಸೆ ಅಂತಲೇ ತಿದ್ದಿದೆ.