ನಾವು ನಿಂತ ನೆಲ

ನಾವು ದಿಲ್ಲಿಗೆ ಬಂದು ಇಪ್ಪತ್ತಾರು ವರ್ಷಗಳಾದುವು. ಬಾಡಿಗೆಯ ಮನೆಗಳನ್ನು ಬದಲಿಸಿ ಬದಲಿಸಿ ಬೇಸತ್ತು, ಕೊನೆಗೆ ಊರಿನ ನೈಋತ್ಯ ಮೂಲೆಯಲ್ಲಿ ಒಂದು ಪುಟ್ಟ ಮನೆ ಕೊಂಡೆವು. ಪರಸ್ಥಳದಲ್ಲಿ ಸ್ವಂತದ್ದೊಂದು ಹೊಸ್ತಿಲೆಂದರೆ ಎಂಥ ಸಮಾಧಾನವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ.

ಕೆಲವು ವರ್ಷಗಳಲ್ಲೇ ದೇವರ ಕೋಣೆಯ ಗೋಡೆಯಲ್ಲೊಂದು ಬಿರುಕು ಕಾಣಿಸಿತು. ಮೇಸ್ತ್ರಿ ಬಂದು ಸಿಮೆಂಟು ಮೆತ್ತಿ ಹೋದ. ಮುಂದಿನ ಯುಗಾದಿಯ ಹೊತ್ತಿಗೆ ಅದು ಮತ್ತೆ ಬಾಯಿಬಿಟ್ಟಿತು. ಹೀಗೆ ಮೂರು ಸಲ. ಸಂಘದ ಮಿತ್ರರೊಬ್ಬರ ಮಗಳು, ಭೂವಿಜ್ಞಾನ ಓದುವ ಹುಡುಗಿ, ಹಬ್ಬದೂಟಕ್ಕೆ ಬಂದವಳು ಬಿರುಕಿನ ಮೇಲೆ ಬೆರಳಾಡಿಸಿ, "ಮಾಮ, ಮೇಸ್ತ್ರಿಯನ್ನು ಯಾಕೆ ಬೈಯುತ್ತೀರಿ? ಕೆಳಗಿನ ನೆಲವೇ ಇಳಿಯುತ್ತಿದ್ದರೆ?" ಎಂದಳು.

ನಾವು ನಕ್ಕೆವು. ಅವಳು ನಗಲಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಮಗೆ ಬಿಡಿಸಿ ಹೇಳಿದಳು. ಉಪಗ್ರಹದ ರಾಡಾರು ರೇಡಿಯೋ ಅಲೆಯನ್ನು ನೆಲಕ್ಕೆ ಕಳುಹಿಸಿ, ಮರಳಿ ಬಂದುದನ್ನು ಹಿಡಿಯುತ್ತದೆ. ಅದಕ್ಕೆ ಹಗಲು ಬೇಡ, ಮೋಡದ ಅಡ್ಡಿಯಿಲ್ಲ. ಮುಂದೊಮ್ಮೆ ಅದೇ ಜಾಗದ ಮೇಲೆ ಬಂದಾಗ ನೆಲ ಇಳಿದಿದ್ದರೆ ಅಲೆ ತುಸು ಹೆಚ್ಚು ದೂರ ನಡೆದಿರುತ್ತದೆ. ಎರಡು ಸಲದ ಅಲೆಗಳನ್ನು ಹೋಲಿಸಿದರೆ ಸೆಂಟಿಮೀಟರಿನ ಲೆಕ್ಕ ಸಿಗುತ್ತದೆ. ಯುರೋಪಿನ ಉಪಗ್ರಹಗಳ ಅಂಥ ಅಳತೆಗಳ ಪ್ರಕಾರ, ವಿಮಾನ ನಿಲ್ದಾಣದ ಬಳಿಯ ಕಾಪಸ್‌ಹೇಡಾ 2014-16ರಲ್ಲಿ ವರ್ಷಕ್ಕೆ ಸುಮಾರು 11 ಸೆಂಟಿಮೀಟರು ಕುಸಿಯುತ್ತಿತ್ತು. ಅನಂತರ ವೇಗ 17ರ ಸಮೀಪಕ್ಕೆ ಏರಿತು. ಕಾರಣ, ಅಂತರ್ಜಲವನ್ನು ಮಿತಿಯಿಲ್ಲದೆ ಸೆಳೆದದ್ದು. ನೀರು ಹೋದಂತೆ ಜೇಡಿಪದರಗಳು ಅಮುಕಿಕೊಳ್ಳುತ್ತವೆ.

ನಮ್ಮ ನಗು ಅಲ್ಲಿಗೆ ನಿಂತಿತು. ಕಾಲನಿಗೆ ಎರಡನೆಯ ಬೋರ್‌ವೆಲ್ ಬೇಕೆಂದು ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ನಾವೇ.

2025ರ ಜುಲೈ 30ರಂದು, ನಾಗರಪಂಚಮಿಯ ಮರುದಿನ, ಶ್ರೀಹರಿಕೋಟೆಯಿಂದ ನಿಸಾರ್ ಉಪಗ್ರಹ ಏರಿದ್ದನ್ನು ಟೀವಿಯಲ್ಲಿ ಕಂಡೆವು. ಭಾರತ-ಅಮೆರಿಕಗಳ ಒಪ್ಪಂದವಾದದ್ದು 2014ರಲ್ಲಿ; ಯೋಜನೆಗೆ ಅಷ್ಟು ಕಾಲ ಹಿಡಿಯಿತು. ಎಷ್ಟನ್ನು ಯೋಚಿಸಬೇಕು ನೋಡಿ! ಎರಡು ನೋಟಗಳ ನಡುವೆ ಬಹಳ ದಿನ ಬಿಟ್ಟರೆ ಗಿಡ ಬೆಳೆದು ನೆಲದ ಮುಖವೇ ಬದಲಾಗಿ, ಚಿತ್ರಗಳು ತಾಳೆಯಾಗವು. ಆದ್ದರಿಂದ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುವಂತೆ ಗೊತ್ತುಮಾಡಿದರು. ಅಷ್ಟರಲ್ಲಿ ಭೂಮಿಯನ್ನೆಲ್ಲ ನೋಡಿ ಮುಗಿಸಲು 240 ಕಿಲೋಮೀಟರಿನಷ್ಟು ಅಗಲದ ಪಟ್ಟಿ ಬೇಕು. ಅದಕ್ಕೆ 12 ಮೀಟರಿನ ಕೊಡೆಯಂಥ ಆಂಟೆನಾ. ಎಲೆಗಳ ನಡುವೆ ನುಸುಳಲು 24 ಸೆಂಟಿಮೀಟರಿನ ಉದ್ದದ ಅಲೆ ಅಮೆರಿಕದ್ದು, ಅದಕ್ಕಿಂತ ಗಿಡ್ಡ ಅಲೆಯ ರಾಡಾರು ಅಹಮದಾಬಾದಿನದು. ಎರಡೂ 2023ರಲ್ಲಿ ನಮ್ಮ ಬೆಂಗಳೂರಿಗೆ ಬಂದು ಉಪಗ್ರಹದ ಒಡಲು ಸೇರಿದುವು.

ಪಂಚಮಿಯ ದಿನ ನೆಲ ಅಗೆಯಬಾರದೆಂದು ಊರಲ್ಲಿ ನಮ್ಮಮ್ಮ ಗುದ್ದಲಿ ಮುಟ್ಟಗೊಡುತ್ತಿರಲಿಲ್ಲ. ವರ್ಷಕ್ಕೊಂದು ದಿನವಾದರೂ ನೆಲಕ್ಕೆ ಬಿಡುವು ಕೊಡುವ ಮನಸ್ಸು ಅವರಿಗಿತ್ತು. ನಮ್ಮ ಪಂಪು ಮಾತ್ರ ಪಂಚಮಿಯಂದೂ ನಿಂತಿರಲಿಲ್ಲ.

ಆ ಹುಡುಗಿ ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು. ದ್ವಾರಕಾ ಬಡಾವಣೆಯೂ ಮೊದಲು ವರ್ಷಕ್ಕೆ ಸುಮಾರು 3.5 ಸೆಂಟಿಮೀಟರು ಇಳಿಯುತ್ತಿತ್ತು. ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಬಿತ್ತು, ಮಳೆನೀರನ್ನು ಇಂಗಿಸಿದರು. ಕುಸಿತ ತಗ್ಗಿ, 2018-19ರಲ್ಲಿ ನೆಲ ತುಸು ಮೇಲಕ್ಕೇ ಎದ್ದಿತು.

ನಮ್ಮ ಗೋಡೆಯ ಬಿರುಕಿಗೆ ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆವು. ಆದರೂ ಕಳೆದ ಸಭೆಯಲ್ಲಿ ಎದ್ದು ನಿಂತು, ಅಂದು ನಾವು ವಾದಿಸಿದ್ದು ತಪ್ಪೆಂದೂ ಎರಡನೆಯ ಬೋರ್‌ವೆಲ್ ಮುಚ್ಚಿ ಇಂಗುಗುಂಡಿ ತೋಡಿಸೋಣವೆಂದೂ ಹೇಳಿದೆವು. ಕೆಲವರು ಮುಖ ತಿರುಗಿಸಿದರು. ಪಕ್ಕದ ಮನೆಯ ಪಂಜಾಬಿ ಅಜ್ಜಿ ಮಾತ್ರ ಕೈ ಎತ್ತಿದರು. ಇಂಗುಗುಂಡಿಗೆ ಒಪ್ಪಿಗೆ ಸಿಕ್ಕಿದೆ. ಬೋರ್‌ವೆಲ್ಲಿನ ಮಾತು ಮುಂದಿನ ಸಭೆಗೆ ಉಳಿದಿದೆ. ಬಿರುಕಿಗೆ ಈ ಯುಗಾದಿಗೆ ಸಿಮೆಂಟು ಮೆತ್ತಿಸಲಿಲ್ಲ. ಮುಂದಿನ ಸಭೆಯವರೆಗೆ ಅದು ನಮ್ಮ ಕಣ್ಣೆದುರಿಗೇ ಇರಲಿ.