ಬೇಲಿಯ ಸೆಂಟು

ಹಿರೀಸಾವೆಯ ನಮ್ಮ ಹೊಲದ ಬೇಲಿಯಲ್ಲಿ ಒಂದು ಕಸ್ತೂರಿ ಜಾಲಿ ಗಿಡವಿದೆ. ಮೈಯೆಲ್ಲ ಮುಳ್ಳು. ಬೇಲಿ ಕಿತ್ತು ತಂತಿ ಎಳೆಸಲು ಮಗ ಹೊರಟಾಗ, "ಅದೊಂದನ್ನು ಬಿಡಪ್ಪ" ಎಂದೆ.

ಮಕ್ಕಳೇ, ಅದರ ಹಳದಿ ಗುಂಡು ಹೂವಿನ ಪರಿಮಳ ಒಂದು ಕಾಲಕ್ಕೆ ಲಂಡನ್ನಿನ ದೊರೆಸಾನಿಯರ ಕರವಸ್ತ್ರದಲ್ಲಿತ್ತು! ವಿಕ್ಟೋರಿಯಾ ರಾಣಿಯ ಕಾಲದಲ್ಲಿ 'ಜಾಕಿ ಕ್ಲಬ್' ಎಂಬ ಸೆಂಟಿಗೆ ಬಹಳ ಹೆಸರು. ಹೆಸರೇನೋ ಕುದುರೆ ರೇಸಿನ ಕ್ಲಬ್ಬಿನದು, ವಾಸನೆ ಮಾತ್ರ ಹೂವಿನದು. 1855ರಲ್ಲಿ ಸೆಪ್ಟಿಮಸ್ ಪಿಯೆಸ್ ಎಂಬಾತ ಸುಗಂಧಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಮಾಡುವ ಬಗೆಯಿದೆ: ಗುಲಾಬಿ, ನಮ್ಮ ಸುಗಂಧರಾಜ, ಈ ಕಸ್ತೂರಿ ಜಾಲಿ, ಐರಿಸ್ ಗಿಡದ ಬೇರು, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ, ಸಾಲದ್ದಕ್ಕೆ ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟುವ ಅಂಬರ್. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಜಾಲಿ ಹೂವನ್ನು ಬೆಚ್ಚಗಿನ ಕೊಬ್ಬಿನಲ್ಲಿ ನೆನೆಸುತ್ತಿದ್ದರು. ಕೊಬ್ಬು ಹೀರಿದ ಪರಿಮಳವನ್ನು ಮದ್ಯಸಾರ ಬೆರೆಸಿ ಬಿಡಿಸಿಕೊಳ್ಳುತ್ತಿದ್ದರು. ಆ ಸೆಂಟಿನ ಕಾಲ ಮುಗಿಯಿತು.

ನಮ್ಮ ಮನೆಯವಳಿಗೆ ಇದೊಂದೂ ಗೊತ್ತಿರಲಿಲ್ಲ. ಒಣಗಿದ ಹೂವನ್ನು ಬಟ್ಟೆಯಲ್ಲಿ ಕಟ್ಟಿ ಸೀರೆ ಟ್ರಂಕಿನೊಳಗೆ ಇಡುತ್ತಿದ್ದಳು. ಅವಳು ಹೋಗಿ ಮೂರು ವರ್ಷ. ಒಂದು ಜ್ವರ ಬಂದು ಹೋದ ಮೇಲೆ ನನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಮೊನ್ನೆ ಒಂದು ಹಿಡಿ ಹೂ ತಂದು ಮೊಮ್ಮಗಳ ಮೂಗಿನ ಹತ್ತಿರ ಹಿಡಿದೆ.

"ತಾತ, ಅಜ್ಜಿ ಸೀರೆ!" ಎಂದಳು.