ಮೂವತ್ತು ವಾಟಿನ ಪೆಟ್ಟಿಗೆ



ಈ ಸಲ ಪಾಠಪುಸ್ತಕ, ಪರೀಕ್ಷೆಗಳ ಸುದ್ದಿ ಇಲ್ಲ. ನನ್ನ ಹತ್ತಿರ ಇರುವ ಒಂದು ಪೆಟ್ಟಿಗೆಯ ಬಗ್ಗೆ ಬರೆಯುತ್ತೇನೆ. ಅದು ಬೇಸ್ ಗಿಟಾರಿನ ಆಂಪ್ಲಿಫೈಯರ್. ಶಾಲೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ಇದೆ.

ನಮ್ಮ ಶಾಲೆಯ ಪಿ.ಟಿ.ಎ. ಈ ವರ್ಷ ಧ್ವನಿವರ್ಧಕಕ್ಕೆಂದು 12,000 ರೂಪಾಯಿ ಒಟ್ಟು ಮಾಡಿದೆ. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಆಟೋ ಓಡಿಸುವವರು ಐವತ್ತು, ನೂರು ಅಂತ ಕೊಟ್ಟ ಹಣ. ಸಭೆಯಲ್ಲಿ ಅಧ್ಯಕ್ಷರು, "ಮಾಷ್ಟ್ರೇ, ನಿಮ್ಮ ಆ ಪೆಟ್ಟಿಗೆಯಂಥದ್ದೇ ಒಂದು ತೆಗೊಂಡ್ರೆ ಮೈಕಿಗೂ ಆಗ್ತದೆ, ಗಿಟಾರಿಗೂ ಆಗ್ತದೆ, ಅಲ್ವಾ?" ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಯಾಕೆ ಅಂತ ಅಲ್ಲಿ ಎರಡು ಮಾತಿನಲ್ಲಿ ಹೇಳಿದೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ಕನ್ನಡ ಶಾಲೆಗಳಲ್ಲೂ ಇದೇ ಪ್ರಶ್ನೆ ಬಂದೀತು.

ಮೊದಲು ಬೇಸ್ ಗಿಟಾರ್ ಅಂದರೆ ಏನು ಅಂತ. ನಮ್ಮ ಕಾಸರಗೋಡಿನವರಿಗೆ ಯಕ್ಷಗಾನದ ಉದಾಹರಣೆ ಸಾಕು. ಚೆಂಡೆ ಗುಡ್ಡದ ಆಚೆಗೂ ಕೇಳುತ್ತದೆ. ಮದ್ದಳೆಯ ಎಡ ಬದಿಯ ತಗ್ಗಿನ ನಾದ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಅದು ನಿಂತರೆ ಭಾಗವತರ ಪದ್ಯ ಬೋಳು ಬೋಳಾಗಿ ಕೇಳುತ್ತದೆ. ಬೇಸ್ ಗಿಟಾರಿನದ್ದೂ ಹೆಚ್ಚುಕಡಿಮೆ ಅದೇ ಕೆಲಸ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸಿನ ದಪ್ಪ ತಂತಿ ಅದರ ಅರ್ಧ, ಸುಮಾರು 41 ಸಲ. ಅಂದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ.

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದರು. ಮರು ವರ್ಷವೇ ಅದಕ್ಕಾಗಿ 'ಬೇಸ್‌ಮನ್' ಎಂಬ ಬೇರೆ ಆಂಪ್ ತರಬೇಕಾಯಿತು. ಯಾಕೆ ಬೇರೆ? ಸ್ವರ ತಗ್ಗಿದಷ್ಟೂ ಸ್ಪೀಕರ್ ಹೆಚ್ಚು ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರು ಕೇಳಬೇಕಾದರೆ, ಸ್ಪೀಕರಿನ ಕಾಗದ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಮೇಲಿಂದ ನಮ್ಮ ಕಿವಿಗೆ ತಗ್ಗಿನ ಸ್ವರ ಸ್ವಲ್ಪ ಮಂದವೇ. ಮನೆಯ ಟೇಪ್ ರೆಕಾರ್ಡರಿಗೆ ಬೇಸ್ ಸಿಕ್ಕಿಸಿ ಸ್ಪೀಕರ್ ಹರಿದುಕೊಂಡವರನ್ನು ನಮ್ಮ ಆರ್ಕೆಸ್ಟ್ರಾದ ಕಾಲದಲ್ಲಿ ನಾನೇ ಕಂಡಿದ್ದೇನೆ.

ಈಗ ನನ್ನ ಪೆಟ್ಟಿಗೆ. 2017ರಲ್ಲಿ ಮಂಗಳೂರಿನ ಒಬ್ಬರ ಕೈಯಿಂದ 6,000 ರೂಪಾಯಿಗೆ ಕೊಂಡದ್ದು. 30 ವಾಟ್, 10 ಇಂಚಿನ ಒಂದು ಸ್ಪೀಕರ್, ನಾಲ್ಕು ನಾಬ್. ಕಂಪೆನಿಯ ಹೆಸರು ಬೇಡ. ಮಳೆಗಾಲದಲ್ಲಿ ಅದರ ನಾಬ್‌ಗಳು ಕರಕರ ಅನ್ನುತ್ತವೆ, ಆದರೆ ಜೂನ್, ಜುಲೈಯಲ್ಲಿ ನಮ್ಮೂರಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ. ಹತ್ತು ಹದಿನೈದು ಸಲ ಅತ್ತಿತ್ತ ತಿರುಗಿಸಿದರೆ ಸರಿಹೋಗುತ್ತದೆ.

ಇದು ಸಾಲಿಡ್ ಸ್ಟೇಟ್, ಅಂದರೆ ವಾಲ್ವ್ ಇಲ್ಲದ, ಟ್ರಾನ್ಸಿಸ್ಟರಿನ ಆಂಪ್. ಗಿಟಾರ್ ಬಾರಿಸುವವರು ಟ್ರಾನ್ಸಿಸ್ಟರ್ ಅಂದರೆ ಮೂಗು ಮುರಿಯುವುದುಂಟು. ಅವರ ಮಾತಿನಲ್ಲೂ ಸತ್ಯ ಇದೆ. ಶಕ್ತಿ ಮೀರಿದಾಗ ವಾಲ್ವ್ ಮೆಲ್ಲಗೆ ಒರಟಾಗುತ್ತದೆ, ಕೇಳಲಿಕ್ಕೆ ಹಿತ. ಟ್ರಾನ್ಸಿಸ್ಟರ್ ಹಾಗಲ್ಲ, ಮಿತಿ ಬಂತೋ, ಕತ್ತರಿಸಿದ ಹಾಗೆ ಸ್ವರ ಒಡೆಯುತ್ತದೆ. ಆದರೆ ಬೇಸಿನವನಿಗೆ ಒರಟು ಬೇಡ, ಶುದ್ಧ ಸ್ವರ ಬೇಕು. ಮಿತಿಯೊಳಗೆ ಇದ್ದರೆ ಟ್ರಾನ್ಸಿಸ್ಟರ್ ಅದನ್ನು ಕಡಿಮೆ ಖರ್ಚಿನಲ್ಲಿ, ಕಡಿಮೆ ಭಾರದಲ್ಲಿ ಕೊಡುತ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್.ವಿ.ಟಿ. ಎಂಬ ಪ್ರಸಿದ್ಧ ವಾಲ್ವ್ ಬೇಸ್ ಆಂಪ್ 300 ವಾಟಿನದ್ದು. ಸ್ಪೀಕರ್ ಬಿಟ್ಟು ಅದರ ಮೇಲಿನ ಪೆಟ್ಟಿಗೆಯೇ 35 ಕಿಲೋಗಿಂತ ಹೆಚ್ಚು. ನನ್ನದನ್ನು ಒಂದು ಕೈಯಲ್ಲಿ ಹಿಡಿದು ಆಟೋಕ್ಕೆ ಹತ್ತಬಹುದು!

ಎಲ್ಲರೂ ಮೊದಲು ಕೇಳುವುದು "ಎಷ್ಟು ವಾಟ್?" ಅಂತ. ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಅದು 'ಸ್ವಲ್ಪ ಜೋರು', ಅಷ್ಟೇ. ಕೇಳುವವರಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆದ್ದರಿಂದ 15ಕ್ಕೂ 30ಕ್ಕೂ ಇರುವ ಅಂತರಕ್ಕೆ ಸಾವಿರಗಟ್ಟಲೆ ಕೊಡುವ ಮೊದಲು ಸ್ಪೀಕರ್ ಯಾವುದು, ಪೆಟ್ಟಿಗೆ ಗಟ್ಟಿ ಇದೆಯೋ ಅಂತ ನೋಡಿ.

'ಬೇಸ್' ಅಂತ ಬರೆದ ನಾಬನ್ನು ಪೂರ್ತಿ ತಿರುಗಿಸುವುದೂ ಪ್ರಯೋಜನ ಇಲ್ಲ. ತಗ್ಗನ್ನು 10 ಡೆಸಿಬಲ್ ಏರಿಸಲಿಕ್ಕೆ ಆಂಪಿಗೆ ಅಲ್ಲಿ ಹತ್ತು ಪಟ್ಟು ಶಕ್ತಿ ಬೇಕು. ಸಣ್ಣ ಆಂಪ್ ಎಲ್ಲಿಂದ ತರಬೇಕು? ನಾನು ಬೇಸ್ ನಾಬನ್ನು ನಡುವಿಗಿಂತ ಸ್ವಲ್ಪ ಕೆಳಗಿಟ್ಟು, ಮಿಡ್ಲ್ ನಾಬನ್ನು ಏರಿಸುತ್ತೇನೆ. ಆಗ ಸ್ವರ ಸ್ಪಷ್ಟ. ಇದರಲ್ಲಿ ಒಂದು ಸೋಜಿಗವೂ ಇದೆ. 41ರ ಮೂಲ ಕಂಪನವನ್ನು 10 ಇಂಚಿನ ಸಣ್ಣ ಪೆಟ್ಟಿಗೆ ಸರಿಯಾಗಿ ಕೊಡಲಾರದು. ಆದರೆ ತಂತಿಯಿಂದ 82, 123, 164 ಅಂತ ಮೇಲಿನ ಕಂಪನಗಳೂ ಹೊರಡುತ್ತವೆ. ಅವುಗಳಿಂದಲೇ ನಮ್ಮ ಮೆದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

ಹಾಗಾದರೆ ಈ ಪೆಟ್ಟಿಗೆ ಒಳ್ಳೆಯದೋ? ನನ್ನ ತೀರ್ಮಾನ ಇಷ್ಟು: ತರಗತಿ ಕೋಣೆಗೆ ಒಳ್ಳೆಯದು, ಹಾಲಿಗೆ ಸಾಕು, ಮೈದಾನಕ್ಕೆ ಆಗದು. ವಾರ್ಷಿಕೋತ್ಸವದ ದಿನ ಬಯಲಿನಲ್ಲಿ ಇಟ್ಟರೆ ಮೂರನೇ ಸಾಲಿನವರಿಗೂ ಕೇಳಿಸದು. ಅದು ಪೆಟ್ಟಿಗೆಯ ದೋಷ ಅಲ್ಲ. ಎರಡನೇ ತರಗತಿಯ ಮಗುವಿಗೆ ಏಳನೆಯ ಪ್ರಶ್ನೆಪತ್ರಿಕೆ ಕೊಟ್ಟು ಫೇಲ್ ಮಾಡುತ್ತೇವೆಯೇ?

ಇನ್ನು ಮೈಕಿನ ವಿಷಯ. ನನ್ನ ಪೆಟ್ಟಿಗೆಗೆ ಮೈಕ್ ಸಿಕ್ಕಿಸಿ ಮಕ್ಕಳ ಕೈಯಲ್ಲಿ ಕಂಠಪಾಠ ಹೇಳಿಸಿ ನೋಡಿದ್ದೇನೆ. ಹೊಟ್ಟೆಯೊಳಗಿಂದ ಮಾತಾಡಿದ ಹಾಗಿತ್ತು. ಬೇಸಿಗಾಗಿ ಮಾಡಿದ ಈ ದೊಡ್ಡ ಸ್ಪೀಕರ್ ಮೇಲಿನ ಕಂಪನಗಳನ್ನು ಬಿಟ್ಟುಬಿಡುತ್ತದೆ. ಸಕಾರ, ಶಕಾರ, ಚಕಾರಗಳ ಸ್ಪಷ್ಟತೆ ಇರುವುದೇ ಅಲ್ಲಿ. 'ಶಾಲೆ'ಯೂ 'ಸಾಲೆ'ಯೂ ಒಂದೇ ಆಗುತ್ತದೆ. ಇಡೀ ವರ್ಷ ಅದನ್ನು ತಿದ್ದುವುದೇ ನಮ್ಮ ಕೆಲಸ. ಎರಡನ್ನೂ ನಿಭಾಯಿಸುವ ಆಂಪ್‌ಗಳು ಇವೆ, ಆದರೆ ನನ್ನಂಥ ಪೆಟ್ಟಿಗೆ ಅದಲ್ಲ. ಮಾತಿಗೆ ಮಾತಿನ ಮೈಕ್ ಸೆಟ್ಟೇ ಬೇಕು.

ಇದಕ್ಕಿಂತ ಮುಖ್ಯವಾದ ಮಾತು ಮೂರನೇ ಪಿನ್ನಿನದ್ದು. ಗಿಟಾರಿನ ಲೋಹದ ತಂತಿ, ಕೇಬಲಿನ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತದೆ. ಚಾಸಿ ಪ್ಲಗ್ಗಿನ ಮೂರನೇ ಪಿನ್ನಿನಿಂದ ಭೂಮಿಗೆ. ಆ ದಾರಿ ಕಡಿದಿದ್ದರೆ, ಒಳಗೆ ಎಲ್ಲಾದರೂ ಕರೆಂಟು ಸೋರಿದಾಗ ಅದು ತಂತಿಗೇ ಬರುತ್ತದೆ. ತಂತಿಯಲ್ಲಿ ಒಂದು ಕೈ, ಮೈಕಿನಲ್ಲಿ ಇನ್ನೊಂದು ಕೈ ಇದ್ದರೆ ಮುಗಿಯಿತು. 1972ರಲ್ಲಿ ವೇಲ್ಸಿನ ಸ್ವಾನ್ಸೀ ಊರಿನಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ಹೀಗೆಯೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು.

ನಮ್ಮ ಶಾಲೆಯ ಹಳೆಯ ಹಾಲಿನ ಸಾಕೆಟ್ಟಿನಲ್ಲಿ ಮೂರು ತೂತುಗಳಿವೆ. ಮೇಲಿನ ತೂತಿನ ಹಿಂದೆ ವಯರೇ ಇಲ್ಲ ಅಂತ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದರು. ಅಂದಿನಿಂದ ನಾನು ಆ ಹಾಲಿನಲ್ಲಿ ಪೆಟ್ಟಿಗೆ ಹಚ್ಚುವುದಿಲ್ಲ. ಅರ್ಥಿಂಗ್ ಇರುವ ಹೊಸ ಕಟ್ಟಡದ ಒಂದು ಕೋಣೆಯಲ್ಲಷ್ಟೇ ಅಭ್ಯಾಸ.

ಅಲ್ಲಿ ಏಳು ಮಕ್ಕಳು ಹಾಡುತ್ತಾರೆ. ಏಳನೇ ತರಗತಿಯ ಒಬ್ಬಳು ಹುಡುಗಿ ಬೇಸ್ ಹಿಡಿಯುತ್ತಾಳೆ. ಹಾಡು ಡಿ ಶ್ರುತಿಯಲ್ಲಿದ್ದರೆ ಡಿ ತಂತಿಯೇ ಷಡ್ಜ, ಪಕ್ಕದ ಎ ತಂತಿ ಮಂದ್ರ ಪಂಚಮ. ಎಡಗೈ ಬೇಡವೇ ಬೇಡ. ಎರಡೇ ತಂತಿ ಮೀಟಿದರೂ ಉಳಿದವರ ಶ್ರುತಿ ಜಾರುವುದಿಲ್ಲ. ಚಿಕ್ಕ ಮಕ್ಕಳು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು "ಸರ್, ಇದು ನಡುಗ್ತದೆ!" ಅಂತ ನಗುತ್ತಾರೆ. ಶಬ್ದ ಅಂದರೆ ಕಂಪನ ಅಂತ ಬೋರ್ಡಿನಲ್ಲಿ ಬರೆಯುವ ಕೆಲಸ ಉಳಿಯಿತು :)

ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ. ಮೊದಲು ಹಾಲಿಗೆ ಅರ್ಥಿಂಗ್ ಆಗಲಿ, 30 ಮಿಲಿಆಂಪಿನ ಇ.ಎಲ್.ಸಿ.ಬಿ. ಕೂರಲಿ. ಉಳಿದ ಹಣಕ್ಕೆ ಸಣ್ಣ ಮೈಕ್ ಸೆಟ್, ಬೇಕಾದರೆ ಹಳೆಯದ್ದು. ಬೇಸಿಗೆ ನನ್ನ ಪೆಟ್ಟಿಗೆ ಶಾಲೆಯಲ್ಲೇ ಇರಲಿ. ಒಬ್ಬರು, "ಮಣ್ಣಿಗೆ ಹೂಳಲಿಕ್ಕಾ ಮಾಷ್ಟ್ರೇ ನಾವು ದುಡ್ಡು ಕೊಟ್ಟದ್ದು? ಕಣ್ಣಿಗೆ ಕಾಣುವಂಥದ್ದು ಏನಾದ್ರೂ ಬೇಡ್ವಾ?" ಅಂದರು. ಅವರ ಮಾತು ನನಗೆ ಅರ್ಥವಾಗುತ್ತದೆ. ಜೂನಿನ ಪ್ರವೇಶೋತ್ಸವಕ್ಕೆ ಬರುವ ತಂದೆತಾಯಿ ಕಾಣುವುದು ಹೊಳೆಯುವ ಪೆಟ್ಟಿಗೆಯನ್ನೇ. ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ದೊಡ್ಡ ಸ್ಪೀಕರುಗಳಿವೆ, ನಮ್ಮಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಆಗ ಬೇಸ್ ಹಿಡಿಯುವ ಹುಡುಗಿಯ ಅಮ್ಮ ಹಿಂದಿನ ಬೆಂಚಿನಿಂದ, "ಅದು ಹಾಕಿದ್ರೆ ಮಗಳಿಗೆ ಶಾಕ್ ಹೊಡೀಲಿಕ್ಕಿಲ್ಲ ಅಲ್ವಾ? ಹಾಗಾದ್ರೆ ಅದೇ ಮೊದಲು ಆಗ್ಲಿ" ಅಂದರು. ಮತ್ತೆ ಯಾರೂ ಮಾತಾಡಲಿಲ್ಲ. ಹಾಗೆಯೇ ಬರೆದುಕೊಂಡೆವು.

ನೀವು ಹಳೆಯ ಬೇಸ್ ಆಂಪ್ ಕೊಳ್ಳುವುದಾದರೆ ಇಷ್ಟು ನೋಡಿ. ಮೂರನೇ ಪಿನ್ ಇದೆಯೇ? ವಾಲ್ಯೂಮ್ ಸೊನ್ನೆಯಲ್ಲಿಟ್ಟಾಗ ಗುಂಯ್ ಸದ್ದು ಎಷ್ಟು? ಸ್ಪೀಕರಿನ ಕಾಗದವನ್ನು ಎರಡು ಬದಿ ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬರುತ್ತದೆಯೇ? ಅರ್ಧ ವಾಲ್ಯೂಮಿನಲ್ಲಿ ದಪ್ಪ ತಂತಿ ಮೀಟಿದಾಗ ಪೆಟ್ಟಿಗೆ ಗಡಗಡ ಅನ್ನುತ್ತದೆಯೇ? ಅರ್ಧ ಗಂಟೆ ಹಚ್ಚಿಟ್ಟ ಮೇಲೆ ಸುಟ್ಟ ವಾಸನೆ ಇದೆಯೇ? ಕೊನೆಗೆ, ಎಲ್ಲಿ ಇಡುತ್ತೀರಿ, ಯಾರು ಬಾರಿಸುತ್ತಾರೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಮುಂದಿನ ತಿಂಗಳು ಹಾಲಿನ ಹಿಂದೆ ಗುಂಡಿ ತೋಡುತ್ತಾರೆ. ಪೈಪು, ಇದ್ದಿಲು, ಉಪ್ಪು ಎಲ್ಲದಕ್ಕೂ ಹೇಳಿ ಆಗಿದೆ. 1956ರ ನವೆಂಬರ್ 1ರಂದು ಆಚೆಯ ರಾಜ್ಯವೂ ಈಚೆಯ ರಾಜ್ಯವೂ ಒಟ್ಟಿಗೆ ಹುಟ್ಟಿದವು, ನಾವು ಈಚೆ ಉಳಿದೆವು. ಆದ್ದರಿಂದ ಆ ದಿನ ನಮ್ಮ ಮಕ್ಕಳು ಕೇರಳಪ್ಪಿರವಿಗೆ ಒಂದು ಮಲಯಾಳ ಹಾಡು, ರಾಜ್ಯೋತ್ಸವಕ್ಕೆ ಒಂದು ಕನ್ನಡ ಹಾಡು ಹೇಳುತ್ತಾರೆ. ಈ ಸಲ ಎರಡೂ ಹಾಡು ಹಾಲಿನಲ್ಲೇ. ಎರಡಕ್ಕೂ ಡಿ ಶ್ರುತಿ.